ಇಪ್ಪತ್ತು ಗುಂಟೆಯ ಪರಿಹಾರ

2020ರ ಮೇ ತಿಂಗಳ ಕೊನೆಯ ವಾರದ ಒಂದು ಬೆಳಿಗ್ಗೆ ಚಿಕ್ಕಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಕೇಂದ್ರಕ್ಕೆ ಹೊರಟೆ. ಅವರ ಕೈಚೀಲದಲ್ಲಿ ಪಹಣಿ, ಆಧಾರ್ ಮತ್ತು ಪಾಸ್‌ಬುಕ್‌ಗಳ ಜೆರಾಕ್ಸ್ ಪ್ರತಿಗಳಿದ್ದವು. ಜೊತೆಗೆ, ಉಳುವ ಹಿಂದಿನ ದಿನ ಹೂವಿನ ಸಾಲುಗಳ ನಡುವೆ ನಾನು ತೆಗೆದಿದ್ದ ಎರಡು ಫೋಟೊಗಳೂ ಇದ್ದವು.

ಆ ವರ್ಷ ಯುಗಾದಿ ಹಬ್ಬವೂ ಲಾಕ್‌ಡೌನಿನ ಮೊದಲ ದಿನವೂ ಒಂದೇ ಆಗಿ ಬಂದಿದ್ದವು. ಜಾತ್ರೆ ಮತ್ತು ಮದುವೆಗಳ ಕಾಲವನ್ನೇ ನಂಬಿಕೊಂಡು ಚಿಕ್ಕಬಳ್ಳಾಪುರ ಜಿಲ್ಲೆಯ ನಮ್ಮ ಊರಿನಲ್ಲಿ ಸೇವಂತಿಗೆ ಹಾಕಿದ್ದವರಿಗೆ ಮಾರ್ಚ್ 25ರಿಂದ ಕೊಳ್ಳುವವರೇ ಇಲ್ಲವಾದರು. ಬಿಡಿಸದಿದ್ದರೆ ಗಿಡ ಕೆಡುತ್ತದೆಂದು ಚಿಕ್ಕಪ್ಪ ಎರಡು ವಾರ ಕೂಲಿ ಕೊಟ್ಟು ಹೂ ಬಿಡಿಸಿ ತಿಪ್ಪೆಗೆ ಸುರಿಸಿದರು. ಆಮೇಲೆ ಕೂಲಿಗೂ ಹಣವಿಲ್ಲದೆ, ಟ್ರ್ಯಾಕ್ಟರ್ ಕರೆಸಿ ಒಂದೂವರೆ ಎಕರೆಗೂ ರೋಟವೇಟರ್ ಹೊಡೆಸಿದರು. ಆ ಹೊತ್ತಿನಲ್ಲಿ ಚಿಕ್ಕಮ್ಮ ಮನೆಯಿಂದ ಹೊರಗೆ ಬರಲಿಲ್ಲ.

ಮೇ 6ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ರೂಪಾಯಿಗಳ ಪ್ಯಾಕೇಜ್ ಪ್ರಕಟಿಸಿ, ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿಯಂತೆ, ಗರಿಷ್ಠ ಒಂದು ಹೆಕ್ಟೇರಿಗೆ ಪರಿಹಾರ ಕೊಡುವುದಾಗಿ ಹೇಳಿದ್ದರು. ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ. ಚಿಕ್ಕಪ್ಪನ ಲೆಕ್ಕದಲ್ಲಿ ಒಂದೂವರೆ ಎಕರೆಗೆ ಹದಿನೈದು ಸಾವಿರ ಬರಬೇಕಿತ್ತು. ಅದು ನಷ್ಟವನ್ನು ತುಂಬುವ ಮೊತ್ತವಲ್ಲದಿದ್ದರೂ ಮುಂದಿನ ಸಸಿಗೆ ಮತ್ತು ಗೊಬ್ಬರಕ್ಕೆ ಆಧಾರವಾಗುತ್ತಿತ್ತು.

ಕಚೇರಿಯ ಹೊರಗೆ ಸುಣ್ಣದ ವೃತ್ತಗಳಲ್ಲಿ ನಿಂತು ನಮ್ಮ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಾಗದಗಳನ್ನು ನೋಡಿದ ಅಧಿಕಾರಿ ಒರಟಾಗಿ ಮಾತನಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಪಹಣಿಯಲ್ಲಿ ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂ ಮೇಲೆ ಬೆರಳಿಟ್ಟು, "ಯಜಮಾನ್ರೇ, ಇಪ್ಪತ್ತು ಗುಂಟೆ ನಿಮ್ಮ ಹೆಸರಲ್ಲಿದೆ, ಅದಕ್ಕೆ ತೊಂದರೆಯಿಲ್ಲ. ಈ ಒಂದು ಎಕರೆ ಬೇರೆಯವರದು. ದುಡ್ಡು ಹೋದರೆ ಅವರ ಖಾತೆಗೇ ಹೋಗುತ್ತೆ" ಎಂದರು.

"ಹೂ ಹಾಕಿದ್ದು ನಾನು ಸ್ವಾಮಿ" ಎಂದು ಚಿಕ್ಕಪ್ಪ ಫೋಟೊಗಳನ್ನು ಮುಂದಿಟ್ಟರು. ಅಧಿಕಾರಿ ಅವನ್ನು ನೋಡಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು, ಬಳಿಕ ಹಿಂತಿರುಗಿಸಿದರು.

ಆ ಒಂದು ಎಕರೆ ಬೆಂಗಳೂರಿನಲ್ಲಿ ನೆಲೆಸಿರುವವರೊಬ್ಬರದು. ಚಿಕ್ಕಪ್ಪ ಅದನ್ನು ಆರು ವರ್ಷಗಳಿಂದ ಗುತ್ತಿಗೆಗೆ ಮಾಡುತ್ತಿದ್ದರೂ ಒಂದು ಚೂರು ಕಾಗದವಿಲ್ಲ. ಇದು ನಮ್ಮೂರಿನ ವಿಶೇಷವೇನಲ್ಲ. 1974ರ ಭೂಸುಧಾರಣೆಯಲ್ಲಿ ನಮೂನೆ 7ರ ಅರ್ಜಿ ಹಾಕಿ ಗೇಣಿದಾರರು ಭೂಮಿ ಪಡೆದ ಮೇಲೆ, ಗುತ್ತಿಗೆಯನ್ನು ಬರಹಕ್ಕಿಳಿಸಲು ಮಾಲೀಕರು ಒಪ್ಪುವುದಿಲ್ಲ. ಕಾನೂನಿನಲ್ಲಿ ಗೇಣಿಯೇ ನಿಷಿದ್ಧವಾದ್ದರಿಂದ ಬಾಯಿಮಾತೇ ಕರಾರು. ಉಳುವವನೇ ಹೊಲದೊಡೆಯನೆಂದು ಸಾರಿದ ಕಾನೂನು ನಮ್ಮ ತಾತನಿಗೆ ಕೊಟ್ಟ ಜಮೀನಿನ ಪಾಲೇ ಆ ಇಪ್ಪತ್ತು ಗುಂಟೆ. ಅದೇ ಕಾನೂನಿನ ನೆರಳಿನಲ್ಲಿ ಚಿಕ್ಕಪ್ಪ ಇಂದು ಯಾವ ದಾಖಲೆಯಲ್ಲೂ ಕಾಣದ ಬೆಳೆಗಾರರಾಗಿರುವುದು ನನಗೆ ಇಂದಿಗೂ ಸಂಕಟದ ವಿಷಯ. ಸರ್ಕಾರಕ್ಕೆ ದಾಖಲೆ ಬೇಕು, ಅದು ಸರಿಯೇ; ಆದರೆ ಹೂ ಸುರಿದ ಕೈಗಳು ಯಾರವೆಂದು ಊರಿಗೆ ಊರೇ ಸಾಕ್ಷಿ ಹೇಳುತ್ತಿತ್ತು, ಕೇಳುವ ವ್ಯವಸ್ಥೆ ಇರಲಿಲ್ಲ.

ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿದೆವು. ಅವರು ಒಳ್ಳೆಯವರೇ, ಹಣ ಬಂದರೆ ಕೊಡುತ್ತೇನೆ, ಆದರೆ ಈ ವಯಸ್ಸಿನಲ್ಲಿ, ಈ ಕಾಯಿಲೆಯ ನಡುವೆ ಅರ್ಜಿಗೆಂದು ಬರಲಾರೆ ಎಂದರು. ಚಿಕ್ಕಪ್ಪ ಒತ್ತಾಯಿಸಲಿಲ್ಲ. ಇಪ್ಪತ್ತು ಗುಂಟೆಗಷ್ಟೇ ಅರ್ಜಿ ಕೊಟ್ಟು ಮನೆಗೆ ಬಂದೆವು.

ಕೆಲವು ವಾರಗಳ ಬಳಿಕ ಚಿಕ್ಕಪ್ಪನ ಖಾತೆಗೆ ಐದು ಸಾವಿರದ ಚಿಲ್ಲರೆ ಜಮೆಯಾಯಿತು. ಸಸಿ ತರಲು ಯಾವಾಗ ಹೋಗೋಣವೆಂದು ಕೇಳಿದೆ. ಅವರು ಆಗಲೇ ಆ ಹಣವನ್ನು ಬೆಂಗಳೂರಿಗೆ ಕಳಿಸಿಯಾಗಿತ್ತು, ಆ ಒಂದು ಎಕರೆಯ ಗುತ್ತಿಗೆಯ ಬಾಕಿಗೆ.