ಹಲಸಿನ ಮರದ ಮಂಟಪ: ಈ ವಾರ ರೂಟರ್ ಬಿಟ್‌ಗಳ ಸರದಿ

ದೇವರ ಮಂಟಪದ ಹಲಗೆಗಳಿಗೆಲ್ಲ ಕೀಸುಳಿ ಹಾಕಿ ಮುಗಿಯಿತು. ಇನ್ನು ಟ್ರಿಮ್ಮರ್ (ಮರದ ಅಂಚು, ತೋಡು ಕಡಿಯುವ ಸಣ್ಣ ಕೈ ರೂಟರ್ ಯಂತ್ರ) ಕೆಲಸ: ಪೀಠದ ಅಂಚು ಉರುಟು ಮಾಡಬೇಕು, ಹಿಂದಿನ ಪ್ಲೈವುಡ್ ಕೂರಲು ತೋಡು ಕೊರೆಯಬೇಕು, ಬಾಗಿಲಿಗೆ ಒಂದೆರಡು ಗೆರೆ ಹಾಕಬೇಕು. ಇದಕ್ಕೆ ಮೂರು ಬಿಟ್ (ಯಂತ್ರಕ್ಕೆ ಸಿಕ್ಕಿಸುವ ಕಡಿಯುವ ಅಲಗು) ಸಾಕು. ದೊಡ್ಡ ಸೆಟ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅರ್ಧಕ್ಕರ್ಧ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅದೇ ದುಡ್ಡಿಗೆ ಮಂಗಳೂರಿನ ಬಂದರು ಪೇಟೆಗೆ ಹೋಗಿ ಗಡಸು ಕಾರ್ಬೈಡ್ ತುದಿಯ ಎರಡು ಬಿಟ್ ತಂದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಉಕ್ಕು) ಬಿಟ್ ಹೊಸದರಲ್ಲಿ ಚೆನ್ನಾಗಿ ಕಡಿಯುತ್ತದೆ, ಪ್ಲೈವುಡ್ಡಿನ ಅಂಟಿಗೆ ಬೇಗ ಮೊಂಡಾಗುತ್ತದೆ. ಸಾಗುವಾನಿಯಲ್ಲೂ ಹಾಗೇ, ಆ ಮರದಲ್ಲಿ ಸಿಲಿಕಾ ಇರುತ್ತದಲ್ವಾ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಶ್ಯಾಂಕ್, ಅಂದರೆ ಯಂತ್ರದೊಳಗೆ ಹೋಗುವ ಬಿಟ್ಟಿನ ದಂಡು. ಕಾಲು ಇಂಚು ಅಂದರೆ 6.35 ಮಿ.ಮೀ. ಟ್ರಿಮ್ಮರ್‌ಗಳಲ್ಲಿ ಕೆಲವಕ್ಕೆ 6 ಮಿ.ಮೀ. ಕೊಲೆಟ್ (ಶ್ಯಾಂಕನ್ನು ಬಿಗಿ ಹಿಡಿಯುವ ತೋಳು), ಕೆಲವಕ್ಕೆ 6.35. ಕಾಲು ಇಂಚಿನ ಶ್ಯಾಂಕ್ 6ರ ಕೊಲೆಟ್ಟಿಗೆ ಇಳಿಯುವುದೇ ಇಲ್ಲ, ಅದು ಬಿಡಿ. ಅಪಾಯ ಇರುವುದು 6ರ ಶ್ಯಾಂಕನ್ನು 6.35ಕ್ಕೆ ಹಾಕಿದಾಗ. ಬಿಗಿಯಾದ ಹಾಗೆ ಕಾಣುತ್ತದೆ, ತಿರುಗುವಾಗ ಜಾರುತ್ತದೆ. ನಿಮಿಷಕ್ಕೆ 30,000 ಸುತ್ತಿನಲ್ಲಿ ಜಾರಿದರೆ ಏನಾಗಬಹುದು ಯೋಚಿಸಿ. ಇನ್ನೊಂದು: ಶ್ಯಾಂಕನ್ನು ತಳದವರೆಗೆ ಇಳಿಸಿ, 2-3 ಮಿ.ಮೀ. ಮೇಲೆತ್ತಿ ಆಮೇಲೆ ಬಿಗಿ ಮಾಡಿ.

ಪೀಠದ ಅಂಚಿಗೆ 6 ಮಿ.ಮೀ. ತ್ರಿಜ್ಯದ, ಬೇರಿಂಗ್ (ತಿರುಗುವ ಸಣ್ಣ ಚಕ್ರ) ಇರುವ ರೌಂಡ್‌ಓವರ್, ಅಂದರೆ ಅಂಚು ಉರುಟು ಮಾಡುವ ಬಿಟ್. ಬೇರಿಂಗ್ ಅಂಚನ್ನೇ ಹಿಡಿದು ಓಡುವುದರಿಂದ ಅಲ್ಲಿರುವ ಸಣ್ಣ ಗುಳಿಯೂ ಉರುಟಿನಲ್ಲಿ ಹಾಗೇ ಮೂಡುತ್ತದೆ. ಅದಕ್ಕೇ ಮೊದಲು ಮರಳು ಕಾಗದ ಹಾಕಿದೆ. ಹಲಸಿನ ನಾರು ಒಂದೇ ಕಡೆ ಓಡುವುದಿಲ್ಲ, ಅಡ್ಡ ಸಿಕ್ಕಿದಲ್ಲಿ ಸಿಬಿರು ಎದ್ದೇಳುತ್ತದೆ. ಅಡ್ಡ ತುದಿಗಳನ್ನು ಮೊದಲು ಹೊಡೆದೆ, ಉದ್ದದ ಅಂಚು ಆಮೇಲೆ. ಮೂಲೆಯಲ್ಲಿ ಕಿತ್ತುಬಂದದ್ದನ್ನು ಉದ್ದದ ಓಟ ಸವರಿಕೊಂಡು ಹೋಯಿತು. ನಮ್ಮ ಮುಂದಿರುವ ಅಂಚಿನಲ್ಲಿ ಎಡದಿಂದ ಬಲಕ್ಕೆ ದೂಡಬೇಕು, ಬಿಟ್ ತಿರುಗುವುದಕ್ಕೆ ಎದುರಾಗಿ. ಮೊದಲ ಸಲ 3 ಮಿ.ಮೀ., ಮತ್ತೆ ಉಳಿದದ್ದು, ಕೊನೆಗೆ ಕೂದಲೆಳೆಯಷ್ಟು. ಆ ಕೊನೆಯ ಓಟದಲ್ಲಿ ಹಳದಿ ಹುಡಿ ಮೈದಾದ ಹಾಗೆ ಬಿತ್ತು, ಅಂಚು ಕೈಗೆ ನುಣ್ಣಗೆ ಸಿಕ್ಕಿತು. ಎಷ್ಟು ಖುಷಿಯಾಯಿತು! ನಡುವೆ ನಿಲ್ಲಿಸಬಾರದು, ನಿಂತಲ್ಲಿ ಮರ ಸುಟ್ಟು ಕಪ್ಪಾಗುತ್ತದೆ.

ತೋಡು ಸುಲಭದ ಕೆಲಸ. 6 ಮಿ.ಮೀ. ಪ್ಲೈವುಡ್ ಅಳೆದರೆ ಸ್ವಲ್ಪ ಕಡಿಮೆಯೇ ಇತ್ತು. ಹಾಗಾಗಿ ನನ್ನಲ್ಲಿದ್ದ 5 ಮಿ.ಮೀ. ಸಪೂರ ಸ್ಟ್ರೇಟ್ ಬಿಟ್ ಹಾಕಿ, ಫೆನ್ಸ್ (ಅಂಚಿಗೆ ತಾಗಿಸಿ ಓಡಿಸುವ ಪಟ್ಟಿ) ಸರಿಸಿ ಎರಡು ಸಲ ಎಳೆದೆ. ಈಗ ಸಡಿಲವಿಲ್ಲದೆ ಕೂರುತ್ತದೆ.

ಬಾಗಿಲಿನ ಗೆರೆಗೆ 90 ಡಿಗ್ರಿಯ ವಿ ಬಿಟ್ ಅಂದುಕೊಂಡಿದ್ದೆ, ಈಗ ಬೇಡ ಅನಿಸಿದೆ. ಅದರಲ್ಲಿ ಆಳ 1 ಮಿ.ಮೀ. ಹೆಚ್ಚಾದರೆ ಅಗಲ 2 ಮಿ.ಮೀ. ಹೆಚ್ಚುತ್ತದೆ. ನಮ್ಮ ಉಡುಪಿಯ ಮಳೆಗಾಲಕ್ಕೆ ಬಾಗಿಲಿನ ಹಲಗೆ ಸ್ವಲ್ಪ ಬಾಗಿದೆ. ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಪೂರ ಬರುತ್ತದೆ. ತಳ ಉರುಟಾಗಿರುವ ಕೋರ್ ಬಾಕ್ಸ್ ಬಿಟ್ ಅರ್ಧ ವ್ಯಾಸದಷ್ಟು ಇಳಿದ ಮೇಲೆ ಅಗಲ ಬದಲಾಗುವುದಿಲ್ಲ. ದೀಪದ ಮಸಿ ಕೂತರೂ ಬಟ್ಟೆಯಲ್ಲಿ ಒರೆಸಬಹುದು. 6 ಮಿ.ಮೀ. ಅಗಲದ್ದನ್ನು ಹೇಳಿಟ್ಟಿದ್ದೇನೆ. ಅದು ಬರುವವರೆಗೆ ರೌಂಡ್‌ಓವರಿನ ಬೇರಿಂಗ್ ಕಳಚಿ, ಬಿಟ್ಟಿಗೆ ಅಂಟಿದ ಮೇಣವನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸ ಇದೆ.