ಅರ್ಧ ಕ್ಯಾಟಿ, ಎಂಟು ಟೇಲ್

ಹಾಂಗ್‌ಕಾಂಗ್‌ಗೆ ಬಂದ ಮೊದಲ ವರ್ಷ ಭಾಷೆ ಬಾರದೆ, ಸಂಜೆ ಹೊತ್ತು ಹೋಗದೆ, ಚೀನೀ ಕತ್ತಿವರಸೆಯ ಕಾದಂಬರಿಗಳ ಇಂಗ್ಲಿಷ್ ಅನುವಾದ ಹಿಡಿದು ಕೂತೆ. ವೂಶಿಯಾ ಅಂತ ಅದಕ್ಕೆ ಹೆಸರು. ಈ ಊರಿನ ಜಿನ್ ಯೋಂಗ್ 1955ರಿಂದ 1972ರವರೆಗೆ ಇಲ್ಲಿನ ಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬರೆದವು ಇವತ್ತಿಗೂ ಜನರ ಬಾಯಲ್ಲಿವೆ. ಮರದ ಮೇಲಿಂದ ಹಾರೋದು, ಒಂದೇ ಏಟಿಗೆ ಹತ್ತು ಜನರನ್ನು ಕೆಡವೋದು ನಮಗೇನು ಹೊಸದಲ್ಲ. ನನಗೆ ತಲೆಗೆ ಹತ್ತದೇ ಇದ್ದದ್ದು ಮಧ್ಯದ ಸಣ್ಣಪುಟ್ಟ ಮಾತು.

ಇಬ್ಬರು ಜಗಳಕ್ಕೆ ನಿಂತಿರುತ್ತಾರೆ, ಮೂರನೆಯವನು ನಕ್ಕು ‘ಒಬ್ಬ ಅರ್ಧ ಕ್ಯಾಟಿ, ಇನ್ನೊಬ್ಬ ಎಂಟು ಟೇಲ್’ ಅಂತಾನೆ. ಇದರಲ್ಲಿ ನಗೋದೇನಿದೆ?

ಉತ್ತರ ಸಿಕ್ಕಿದ್ದು ಮನೆ ಕೆಳಗಿನ ಮಾರ್ಕೆಟ್‌ನಲ್ಲಿ. ಚೋಯ್ ಸಮ್ ಅಂತ ಒಂದು ಸೊಪ್ಪು, ಸಾಸಿವೆ ಸೊಪ್ಪಿನ ನೆಂಟ. ಅರ್ಧ ಕ್ಯಾಟಿ ಕೇಳಿದೆ. ಅಂಗಡಿ ಅಜ್ಜಿ ಒದ್ದೆ ಸೊಪ್ಪನ್ನು ನೀರೂ ಕೊಡವದೆ (ಈ ತಕರಾರು ನನಗೆ ಇವತ್ತಿಗೂ ಇದೆ) ತೂಗುವ ತಟ್ಟೆಗೆ ಹಾಕಿದರು. ಮುಳ್ಳು ನಡುಗಿ ನಡುಗಿ ಎಂಟರ ಹತ್ತಿರ ನಿಂತಿತು. ಇಲ್ಲಿ ಒಂದು ಕ್ಯಾಟಿಗೆ 16 ಟೇಲ್, ಒಟ್ಟು ಸುಮಾರು 605 ಗ್ರಾಂ. ಅರ್ಧ ಅಂದ್ರೆ ಎಂಟೇ ತಾನೇ! ಇವನೂ ಅಷ್ಟೇ, ಅವನೂ ಅಷ್ಟೇ, ಇಬ್ಬರೂ ದಂಡ ಅಂತ ಆ ಮಾತಿನ ಅರ್ಥ. ಸೊಪ್ಪಿನ ಅಂಗಡಿ ಮುಂದೆ ಒಬ್ಬಳೇ ನಕ್ಕಿದ್ದಕ್ಕೆ ಅಜ್ಜಿ ಚಿಲ್ಲರೆ ಎರಡು ಸಲ ಎಣಿಸಿಕೊಂಡರು.

ಮೇನ್‌ಲ್ಯಾಂಡ್ ಚೀನಾದಲ್ಲಿ ಈಗ ಅದೇ ಅಳತೆ 500 ಗ್ರಾಂ, ಅದಕ್ಕೆ ಹತ್ತೇ ಭಾಗ. ಲೆಕ್ಕ ಹಿಡಿದರೆ ಅಲ್ಲಿ ಈ ಮಾತು ತಪ್ಪು, ಆದರೂ ಆಡುತ್ತಲೇ ಇದ್ದಾರೆ. ನಾವೂ 1957ರಲ್ಲೇ ಆಣೆ ಬಿಟ್ಟು ನಯಾಪೈಸೆ ಹಿಡಿದವರು, ಇನ್ನೂ ‘ಹದಿನಾರಾಣೆ ಸತ್ಯ’ ಅನ್ನಲ್ವಾ?

ಆಮೇಲೆ ಓದುವಾಗೆಲ್ಲ ಮಾತಿನ ಹಿಂದಿನ ಸಾಮಾನು ಹುಡುಕೋದೇ ಒಂದು ಚಟವಾಯಿತು. ವಿದ್ಯೆ ಅರೆಬರೆ ಕಲಿತವನದು ‘ಮೂರು ಕಾಲಿನ ಬೆಕ್ಕಿನ ವರಸೆ’. ನಮ್ಮಲ್ಲಿ ಮೂರು ಕಾಲು ಇರೋದು ಹಟಮಾರಿ ಹಿಡಿದ ಮೊಲಕ್ಕೆ! ಹೊಡೆದಾಟದ ಬಾಳು ಸಾಕು ಅಂದವನು ಊರವರನ್ನೆಲ್ಲ ಊಟಕ್ಕೆ ಕರೆದು, ಎಲ್ಲರೆದುರು ಚಿನ್ನದ ಬೋಗುಣಿಯಲ್ಲಿ ಕೈ ತೊಳೆಯುತ್ತಾನೆ. ಹಳೇ ವೈರಿಗಳು ಸರಿಯಾಗಿ ಅದೇ ಹೊತ್ತಿಗೆ ಬರ್ತಾರೆ ಅನ್ನೋದು ಬೇರೆ ಮಾತು. ನಮ್ಮ ಆಫೀಸಿನಲ್ಲಿ ಒಬ್ಬರು ರಿಟೈರ್ ಆಗುವಾಗಲೂ ಇದೇ ಮಾತು ಬಂತು, ಬೋಗುಣಿ ಇರಲಿಲ್ಲ, ಕೇಕ್ ಇತ್ತು.

ನನಗೆ ಜಾಸ್ತಿ ಇಷ್ಟವಾದದ್ದು ಭಿಕ್ಷುಕರ ಪಂಗಡ. ಕಥೆಯಲ್ಲಿ ಅವರದ್ದು ದೊಡ್ಡ ಸೈನ್ಯವಿದ್ದ ಹಾಗೆ, ಆದರೆ ಪದವಿ ತೋರಿಸೋಕೆ ಪದಕ ಇಲ್ಲ. ಮೈಮೇಲೆ ಎಷ್ಟು ಚೀಲ ನೇತಾಡುತ್ತವೋ ಅಷ್ಟು ದೊಡ್ಡವರು, ಒಂಬತ್ತು ಚೀಲದವರು ಅಂದ್ರೆ ಹಿರಿಯರು. ಅನುವಾದದಲ್ಲಿ ಸುಮ್ನೆ ಚೀಲ ಅಂತ ಇದೆ. ಓದುವಾಗ ನನ್ನ ಕಣ್ಣಿಗೆ ಕಾಣೋದು ಜೋಳಿಗೆಯೇ. ನಾಯಕನ ಕೈಯಲ್ಲಿ ಹಸಿರು ಬಿದಿರಿನ ಕೋಲು, ಹೆಸರು ‘ನಾಯಿ ಹೊಡೆಯುವ ಕೋಲು’. ಮನೆ ಮನೆ ತಿರುಗುವವರಿಗೆ ಮೊದಲು ಬೇಕಾದದ್ದು ಅದೇ ಅಲ್ವಾ.

ಗಡಿಯಾರ ಇಲ್ಲದ ಕಾಲ, ಹೊತ್ತಿನ ಲೆಕ್ಕವೂ ಸಾಮಾನಿನದ್ದೇ. ‘ಒಂದು ಬಟ್ಟಲು ಟೀ ಕುಡಿಯುವಷ್ಟು ಹೊತ್ತು’, ‘ಒಂದು ಊದುಬತ್ತಿ ಉರಿಯುವಷ್ಟು ಹೊತ್ತು’. ಊದುಬತ್ತಿ ಅಂದ್ರೆ ಎಷ್ಟು ಹೊತ್ತು ಅಂತ ನೋಡೇಬಿಡೋಣ ಅನ್ನಿಸಿತು. ಅಮ್ಮ ಕಟ್ಟಿಕೊಟ್ಟಿದ್ದ ಮೈಸೂರಿನ ಪ್ಯಾಕೆಟ್ಟಿನಿಂದ ಒಂದು ಹಚ್ಚಿ, ಫೋನಿನಲ್ಲಿ ಟೈಮರ್ ಇಟ್ಟು ಕೂತೆ. 34 ನಿಮಿಷ. ಫ್ಯಾನ್ ಹಾಕಿದ್ದೆ, ಸ್ವಲ್ಪ ಬೇಗ ಮುಗಿದಿರಬಹುದು.