ಲಕ್ಕುಂಡಿಯಿಂದ ಜಾವಾಕ್ಕೆ: ನಮ್ಮ ಪ್ರವಾಸದ ತಯಾರಿ ಎಲ್ಲಿಗೆ ಬಂತು

ಮೇ ತಿಂಗಳ ಸೂಟಿಯಲ್ಲಿ ಇಂಡೋನೇಷ್ಯಾದ ಜಾವಾ ದ್ವೀಪಕ್ಕೆ ಹೋಗುವುದು ಅಂತ ತೀರ್ಮಾನ ಆಗಿದೆ. ಹೋಗುವವರು ನಾನು, ನಮ್ಮ ಮನೆಯವರು ಮತ್ತು ಹುಬ್ಬಳ್ಳಿಯ ಕಾಕಾ. ತಯಾರಿ ಶುರು ಮಾಡಿ ಕೆಲವು ತಿಂಗಳಾಯಿತು. ಇಲ್ಲಿವರೆಗೆ ಏನೇನು ಆಗಿದೆ, ಯಾವ ಮಾಹಿತಿ ಎಲ್ಲಿ ಸಿಕ್ಕಿತು, ಏನು ಬಾಕಿ ಇದೆ ಅಂತ ಬರೆದಿಡುತ್ತಿದ್ದೇನೆ. ಗುಡಿ ನೋಡುವ ಹುಚ್ಚು ಇರುವವರಿಗೆ ಉಪಯೋಗಕ್ಕೆ ಬರಲಿ.

ಯಾಕೆ ಜಾವಾ? ನಾನು ಗದಗದಲ್ಲಿ ಚಿತ್ರಕಲೆ ಕಲಿಸುತ್ತೇನೆ. ರವಿವಾರ ಬಂತಂದ್ರೆ ಲಕ್ಕುಂಡಿಯಲ್ಲೋ ಡಂಬಳದಲ್ಲೋ ಗುಡಿ ಮುಂದೆ ಕೂತು ಚಿತ್ರ ಬಿಡಿಸುತ್ತೇನೆ. ಅದರಲ್ಲೂ ಗೂಡು, ತೋರಣಗಳ ಮೇಲಿನ ಕೀರ್ತಿಮುಖ ಮತ್ತು ಮಕರ ಅಂದ್ರೆ ನನಗೆ ಭಾಳ ಪ್ರೀತಿ. ಜಾವಾದ ಹಳೆಯ ಗುಡಿಗಳಲ್ಲೂ ಇದೇ ಜೋಡಿ ಇದೆ. ಬಾಗಿಲ ನೆತ್ತಿಯ ಮೇಲೆ ದೊಡ್ಡ ಕಣ್ಣಿನ ಮುಖ, ಕೆಳಗೆ ಎರಡೂ ಬದಿಗೆ ಮಕರ. ಅಲ್ಲಿಯವರು ಆ ಮುಖವನ್ನು ಕಾಲ ಅನ್ನುತ್ತಾರೆ. ನಡು ಜಾವಾದ ಕಾಲನಿಗೆ ಕೆಳದವಡೆಯೇ ಇರುವುದಿಲ್ಲ. ಮುಂದೆ ಪೂರ್ವ ಜಾವಾದಲ್ಲಿ ಕಟ್ಟಿದ ಗುಡಿಗಳಲ್ಲಿ ದವಡೆ, ಕೋರೆಹಲ್ಲು ಎಲ್ಲ ಬಂದವು. ಅಲ್ಲಿಯ ದೊಡ್ಡ ಗುಡಿಗಳು 8-9ನೇ ಶತಮಾನದವು, ನಮ್ಮ ಲಕ್ಕುಂಡಿಯವು 11-12ನೇ ಶತಮಾನದವು. ಅಲ್ಲಿ ಜ್ವಾಲಾಮುಖಿಯ ಗಟ್ಟಿ ಕಲ್ಲು, ಇಲ್ಲಿ ಉಳಿಗೆ ಸುಲಭವಾಗಿ ಬಗ್ಗುವ ಬಳಪದ ಕಲ್ಲು. ಕಲ್ಲು ಬದಲಾದರೆ ಅದೇ ಮುಖದ ಗೆರೆ ಹೇಗೆ ಬದಲಾಗುತ್ತದೆ ಅನ್ನುವುದನ್ನು ಕೂತು ಬಿಡಿಸಿ ನೋಡಬೇಕು. ನನ್ನ ಪ್ರವಾಸದ ಕಾರಣ ಇಷ್ಟೇ.

ಕಾಕಾ ಮೊದಲು ಕೇಳಿದ್ದು ಇದನ್ನೇ. "ಅಷ್ಟ ದೂರ ಹೋಗಿ ಕಲ್ಲು ನೋಡೂದೇನೈತಿ ತಂಗಿ? ಲಕ್ಕುಂಡ್ಯಾಗ ಇಲ್ಲೇನು?" ನಾನು ಎರಡೂ ಕಡೆಯ ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದೆ. ಕಾಕಾ ಬಹಳ ಹೊತ್ತು ನೋಡಿದರು. ಆಮೇಲೆ "ಅಲ್ಲಿ ರೈಲು ಅದಾವೇನು?" ಅಂದರು. ಅವರು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಅವತ್ತಿನಿಂದ ರೈಲಿನ ಕೆಲಸ ಪೂರ್ತಿ ಅವರದೇ.

ಪ್ಯಾಕೇಜ್ ಬೇಡ ಅಂದಿದ್ದು

ಹುಬ್ಬಳ್ಳಿಯಲ್ಲಿ ಟ್ರಾವೆಲ್ಸ್‌ನವರ ಹತ್ತಿರ ವಿಚಾರಿಸಿದೆವು. ಇಂಡೋನೇಷ್ಯಾ ಅಂದ ತಕ್ಷಣ ಎಲ್ಲರೂ ಬಾಲಿಯ ಚಾರ್ಟ್ ತೆಗೆದರು. ಜಾವಾ ಬೇಕು ಅಂದರೆ ಒಂದೇ ದಿನದಲ್ಲಿ ಬೊರೊಬುದುರ್ ಅನ್ನುವ ದೊಡ್ಡ ಬೌದ್ಧ ಸ್ತೂಪ ಮತ್ತು ಪ್ರಂಬಾನನ್ ಅನ್ನುವ ಹಿಂದೂ ಗುಡಿಗಳ ಗುಂಪು ಎರಡನ್ನೂ ತೋರಿಸಿ ವಾಪಸ್ ಕರೆತರುವ ಲೆಕ್ಕ. ಬೊರೊಬುದುರ್‌ನಲ್ಲಿ ಕೆತ್ತನೆಯ ಫಲಕಗಳೇ 2,672 ಇವೆ. ಬುದ್ಧನ ಮೂರ್ತಿಗಳು 504 ಇದ್ದವು. ಒಂದು ಮುಂಜಾನೆಯಲ್ಲಿ ಓಡಿಕೊಂಡು ನೋಡುವ ಜಾಗ ಅಲ್ಲ ಅದು. ತೆರಿಗೆಯ ಮಾತೂ ಇದೆ. ವಿದೇಶದ ಪ್ಯಾಕೇಜ್ ಕೊಂಡರೆ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಅನ್ನುವ ಮುಂಗಡ ತೆರಿಗೆ ಹಿಡಿಯುತ್ತಾರೆ. ರಿಟರ್ನ್ ತುಂಬಿದಾಗ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿವರೆಗೆ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ. ಹಾಗಂತ ಏಜೆಂಟರನ್ನು ಪೂರ್ತಿ ಬಿಟ್ಟಿಲ್ಲ. ಪ್ರವಾಸದ ಇನ್ಶೂರೆನ್ಸ್ ಅವರ ಮೂಲಕವೇ ಮಾಡಿಸುತ್ತಿದ್ದೇವೆ. ಕಾಕಾಗೆ ವಯಸ್ಸಾಗಿದೆ, ಬಿಪಿ ಗುಳಿಗೆ ಇವೆ, ಅದನ್ನೆಲ್ಲ ಎದುರಿಗೆ ಕೂತು ಹೇಳಿ ಬರೆಸುವುದು ಒಳ್ಳೆಯದು.

ಯಾವ ಪ್ರಶ್ನೆಗೆ ಯಾವ ಜಾಗ

ಮೊದಲು ವಿಡಿಯೋ ನೋಡುತ್ತಿದ್ದೆ. ವಿಡಿಯೋದಲ್ಲಿ ಊರಿನ ಗದ್ದಲ, ರಸ್ತೆ, ಮೆಟ್ಟಿಲು ಎಷ್ಟು ಕಡಿದು ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಕಾಕಾ ಹತ್ತಬಲ್ಲರೋ ಇಲ್ಲವೋ ಅಂತ ನಿರ್ಧರಿಸಲು ಅದೇ ಸಾಕು. ಕೆತ್ತನೆಯ ವಿಷಯಕ್ಕೆ ಮಾತ್ರ ಬೇರೆ ಕಡೆ ಹೋಗಬೇಕು.

ನನಗೆ ದೊಡ್ಡ ನಿಧಿ ಸಿಕ್ಕಿದ್ದು ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹದಲ್ಲಿ. ಡಚ್ಚರ ಕಾಲದಲ್ಲಿ ತೆಗೆದ ಜಾವಾ ಗುಡಿಗಳ ಹಳೆಯ ಫೋಟೋಗಳು ಅಲ್ಲಿ ಬಿಟ್ಟಿ ನೋಡಲು ಸಿಗುತ್ತವೆ. ಕಸಿಯನ್ ಸೆಫಾಸ್ ಅನ್ನುವ ಜಾವಾದ ಫೋಟೋಗ್ರಾಫರ್ ಒಬ್ಬರಿದ್ದರು. ಬೊರೊಬುದುರ್‌ನ ಬುಡದಲ್ಲಿ ಹೂತುಹೋಗಿದ್ದ 160 ಫಲಕಗಳನ್ನು 1890-91ರಲ್ಲಿ ಬಿಚ್ಚಿದಾಗ ಅವುಗಳ ಫೋಟೋ ತೆಗೆದವರು ಅವರೇ. ಆಮೇಲೆ ಬುಡವನ್ನು ಮತ್ತೆ ಮುಚ್ಚಿದರು. ಈಗ ಹೋದವರಿಗೆ ಒಂದು ಮೂಲೆಯಲ್ಲಿ ಕೆಲವು ಫಲಕ ಮಾತ್ರ ಕಾಣುತ್ತವೆ. ಹಾಗಾಗಿ ಉಳಿದವನ್ನು ನಾನು ಸೆಫಾಸ್ ಕಣ್ಣಿನಿಂದ ಇಲ್ಲೇ ನೋಡುತ್ತಿದ್ದೇನೆ. ಆ ಫೋಟೋಗಳನ್ನು ನೋಡಿ ಪೆನ್ಸಿಲ್ಲಿನಲ್ಲಿ ಕೆಲವು ಬಿಡಿಸಿಯೂ ಆಯಿತು.

ಯುನೆಸ್ಕೋ ಕಡತಗಳು ಒಣ ಬರವಣಿಗೆ, ಆದರೆ ನಕ್ಷೆ ಇರುತ್ತವೆ. ಯಾವ ಗುಡಿ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಅವೇ ಹೇಳಿದವು. ಊರೊಳಗಿನ ಓಡಾಟಕ್ಕೆ ವಿಕಿವಾಯೇಜ್ ನೋಡುತ್ತೇನೆ. ಗೂಗಲ್ ಮ್ಯಾಪಿನಲ್ಲಿ ನನ್ನದೇ ಒಂದು ನಕ್ಷೆ ಮಾಡಿ, ಗುಡಿಗೆ ಕೆಂಪು, ರೈಲು ನಿಲ್ದಾಣಕ್ಕೆ ನೀಲಿ, ಶಾಕಾಹಾರಿ ಊಟಕ್ಕೆ ಹಸಿರು ಗುರುತು ಹಾಕಿದ್ದೇನೆ. ಹಾಗೆ ಹಾಕಿದ ಮೇಲೆಯೇ ಗೊತ್ತಾಗಿದ್ದು, ಪ್ರಂಬಾನನ್, ಸೆವು, ಪ್ಲಾಓಸಾನ್, ಕಲಸನ್, ಸಾರಿ ಇಷ್ಟೂ ಗುಡಿಗಳು ಕೆಲವೇ ಕಿಲೋಮೀಟರ್ ಒಳಗಿವೆ ಅಂತ. ಯೋಗ್ಯಕರ್ತ ನಗರದಲ್ಲಿ ಉಳಿಯುವುದನ್ನು ಬಿಟ್ಟು ಪ್ರಂಬಾನನ್ ಪಕ್ಕದ ಹಳ್ಳಿಯಲ್ಲೇ ರೂಮು ಹಿಡಿಯೋಣ ಅಂತ ಆಗ ಬದಲಾಯಿಸಿದೆವು.

ಬಿಸಿಲಿನ ಲೆಕ್ಕ

ಇದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಸಮಯ ಕೊಟ್ಟಿದ್ದೇನೆ. ಕೆತ್ತನೆ ಬಿಡಿಸುವವರಿಗೆ ಬಿಸಿಲಿನ ಓರೆ ಮುಖ್ಯ. ಓರೆ ಬೆಳಕು ಬಿದ್ದಾಗ ಗೆರೆ ಎದ್ದು ಕಾಣುತ್ತದೆ, ನೇರ ಬಿದ್ದರೆ ಗೋಡೆ ಚಪ್ಪಟೆ. ಲಕ್ಕುಂಡಿಯಲ್ಲಿ ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದಿರುತ್ತಾನೆ. ಆಗ ಕಾಶಿ ವಿಶ್ವನಾಥ ಗುಡಿಯ ದಕ್ಷಿಣ ಗೋಡೆ ನೋಡಬೇಕು, ಒಂದೊಂದು ಬಳ್ಳಿಯೂ ಬಿಡಿಯಾಗಿ ನಿಲ್ಲುತ್ತದೆ. ಮೇ ತಿಂಗಳಲ್ಲಿ ಅದೇ ಗೋಡೆಗೆ ಮಧ್ಯಾಹ್ನ ಆ ಸೊಗಸು ಇರುವುದಿಲ್ಲ, ಸೂರ್ಯ ನೆತ್ತಿ ಮೇಲೆ.

ಜಾವಾ ಭೂಮಧ್ಯರೇಖೆಯ ಆಚೆಗಿದೆ. ಯೋಗ್ಯಕರ್ತ ಹತ್ತಿರ ಹತ್ತಿರ 8 ಡಿಗ್ರಿ ದಕ್ಷಿಣ. ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ದಿನವಿಡೀ ಉತ್ತರದ ಕಡೆಯೇ ಇರುತ್ತಾನೆ. ಉತ್ತರದ ಗೋಡೆಗೆ ಬಿಸಿಲು, ದಕ್ಷಿಣದ ಗೋಡೆಗೆ ಇಡೀ ದಿನ ನೆರಳು. ಸನ್‌ಕ್ಯಾಲ್ಕ್ ಅನ್ನುವ ಜಾಲತಾಣದಲ್ಲಿ ಜಾಗ ಮತ್ತು ತಾರೀಖು ಕೊಟ್ಟರೆ ಗಂಟೆಗಂಟೆಗೆ ಸೂರ್ಯ ಎಲ್ಲಿರುತ್ತಾನೆ ಅಂತ ಗೆರೆ ಎಳೆದು ತೋರಿಸುತ್ತದೆ. ಅದರಲ್ಲಿ ಪ್ರತಿ ಗುಡಿಗೂ ನೋಡಿದೆ.

ಪ್ರಂಬಾನನ್‌ಗೆ ಮೇ ತಿಂಗಳು ಅನುಕೂಲ. ಅಲ್ಲಿಯ 47 ಮೀಟರ್ ಎತ್ತರದ ಶಿವನ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಉತ್ತರದ ಕೋಣೆಯಲ್ಲಿ ಮಹಿಷಾಸುರಮರ್ದಿನಿ, ಪಶ್ಚಿಮದಲ್ಲಿ ಗಣಪ, ದಕ್ಷಿಣದಲ್ಲಿ ಅಗಸ್ತ್ಯ. ಬಿಸಿಲು ಉತ್ತರದ್ದು ಅಂದಮೇಲೆ ದುರ್ಗೆಯ ಕೋಣೆಗೆ ಬಾಗಿಲಿನಿಂದ ಬೆಳಕು ಚೆನ್ನಾಗಿ ಬರುತ್ತದೆ. ತೊಂದರೆ ಕಲಸನ್‌ನದು. ಅದು 778ರ ಶಾಸನ ಇರುವ ಬೌದ್ಧ ಗುಡಿ. ನನಗೆ ಬೇಕಾದ ಅತಿ ದೊಡ್ಡ, ಅತಿ ಚಂದದ ಕಾಲನ ಮುಖ ಅದರ ದಕ್ಷಿಣ ಬಾಗಿಲ ಮೇಲಿದೆ! ಮೇ ತಿಂಗಳಲ್ಲಿ ಅದಕ್ಕೆ ನೇರ ಬಿಸಿಲು ಬೀಳುವುದೇ ಇಲ್ಲ.

ದಸರಾ ಸೂಟಿಗೆ ಮುಂದೂಡೋಣವೇ ಅಂತ ಯೋಚಿಸಿದೆ. ಅಕ್ಟೋಬರ್ ಮಧ್ಯದ ಹೊತ್ತಿಗೆ ಅಲ್ಲಿ ಸೂರ್ಯ ನೆತ್ತಿಗೆ ಬಂದು ದಕ್ಷಿಣಕ್ಕೆ ದಾಟುತ್ತಾನೆ, ಹಾಗಾಗಿ ಆಗಲೂ ದಕ್ಷಿಣದ ಗೋಡೆಗೆ ಒಳ್ಳೆಯ ಓರೆ ಬೆಳಕು ಸಿಗುವುದಿಲ್ಲ. ಅದು ಸಿಗಬೇಕಾದರೆ ಡಿಸೆಂಬರ್ ಬೇಕು, ಡಿಸೆಂಬರ್ ಅಂದರೆ ಅಲ್ಲಿ ಜೋರು ಮಳೆಗಾಲ. ಮೇ ತಿಂಗಳೇ ಇರಲಿ ಅಂತ ಉಳಿಸಿಕೊಂಡೆ. ಕಲಸನ್‌ನಲ್ಲಿ ಇದ್ದಲಿನ ಬದಲು ತೆಳು ಪೆನ್ಸಿಲ್ ಬಳಸುತ್ತೇನೆ. ನೆರಳಲ್ಲಿ ಬೆಳಕು ಗಂಟೆಗಟ್ಟಲೆ ಬದಲಾಗದೆ ಒಂದೇ ತರ ಇರುತ್ತದೆ, ಸಣ್ಣ ಗೆರೆಗೆ ಅದು ಒಳ್ಳೆಯದೇ. ಇದಕ್ಕೆ ಅಭ್ಯಾಸ ಅಂತ ಲಕ್ಕುಂಡಿಯ ಜೈನ ಬಸದಿಯಲ್ಲಿ ಉತ್ತರದ ನೆರಳಿನ ಗೋಡೆ ಎದುರು ಕೂತು ಬಿಡಿಸುತ್ತಿದ್ದೇನೆ. ಅತ್ತಿಮಬ್ಬೆ ಕಟ್ಟಿಸಿದ ಬಸದಿ ಅದು. ಅಲ್ಲಿ ಕೂತಾಗಲೆಲ್ಲ ಕೈ ತಾನೇ ನಿಧಾನ ಆಗುತ್ತದೆ.

ಇನ್ನೊಂದು ಗಮನಿಸಿ. ಅಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ನಮ್ಮ ಮೇ ತಿಂಗಳ ಉದ್ದ ಸಂಜೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಕೆಲಸ ಎಲ್ಲ ಮುಂಜಾನೆಯೇ ಆಗಬೇಕು.

ತಾರೀಖು ಹಿಡಿದದ್ದು

ಮೇ ತಿಂಗಳ ಹುಣ್ಣಿಮೆಗೆ ಬೊರೊಬುದುರ್‌ನಲ್ಲಿ ವೈಶಾಖದ ದೊಡ್ಡ ಉತ್ಸವ. ನೋಡಲು ಚಂದ, ಆದರೆ ಜನಜಾತ್ರೆಯಲ್ಲಿ ಚಿತ್ರ ಬಿಡಿಸುವುದು ಆಗದು. ಅದಕ್ಕೆ ಹುಣ್ಣಿಮೆಗೆ ಸಾಕಷ್ಟು ಮುಂಚೆಯೇ ಹೋಗಿ ಬರುತ್ತೇವೆ. ಪ್ರಂಬಾನನ್ ಎದುರಿನ ಬಯಲು ರಂಗದಲ್ಲಿ ರಾಮಾಯಣ ನೃತ್ಯ ನಡೆಯುತ್ತದೆ. 1961ರಿಂದ ಬಂದ ಪದ್ಧತಿ. ಬಯಲಲ್ಲಿ ಆಡುವುದು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಮಳೆಗಾಲದಲ್ಲಿ ಒಳಗೆ. ಅದೂ ಹೊಂದಿತು.

ಜ್ವಾಲಾಮುಖಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯೋಗ್ಯಕರ್ತದ ಉತ್ತರಕ್ಕೆ ಮೆರಾಪಿ ಇದೆ. 2010ರಲ್ಲಿ ಅದು ಸಿಡಿದಾಗ ಬೂದಿ ಬೊರೊಬುದುರ್ ಮೇಲೆಲ್ಲ ಬಿದ್ದಿತ್ತು. 2020ರ ನವೆಂಬರ್‌ನಲ್ಲಿ ಎಚ್ಚರಿಕೆಯನ್ನು ನಾಲ್ಕರಲ್ಲಿ ಮೂರನೇ ಹಂತಕ್ಕೆ ಏರಿಸಿದರು. ಅಲ್ಲಿಯ ಸರ್ಕಾರದ ಮಾಗ್ಮಾ ಇಂಡೋನೇಷ್ಯಾ ಅನ್ನುವ ಆ್ಯಪ್‌ನಲ್ಲಿ ಪ್ರತಿ ಪರ್ವತದ ಸ್ಥಿತಿ ಹಾಕುತ್ತಾರೆ. ವಾರಕ್ಕೊಮ್ಮೆ ನೋಡುತ್ತಿದ್ದೇನೆ, ಹೊರಡುವ ವಾರ ದಿನಾ ನೋಡುತ್ತೇನೆ.

ಕಾಕಾನ ರೈಲು

ಕಾಕಾ ಒಂದು ನೋಟುಬುಕ್ಕೇ ಮಾಡಿದ್ದಾರೆ. ಜಾವಾದ ರೈಲು ಹಳಿಯ ಅಗಲ 1,067 ಮಿಲಿಮೀಟರ್. "ನಮ್ಮ ಹಳೇ ಮೀಟರ್ ಗೇಜ್‌ಗಿಂತ ಒಂಚೂರು ದೊಡ್ಡದು ನೋಡವಾ" ಅಂತ ಫೋನ್ ಮಾಡಿ ಹೇಳಿದರು. ಅವರ ದನಿಯಲ್ಲಿ ಅಷ್ಟು ಹುರುಪು ನಾನು ಕೇಳಿ ಬಹಳ ದಿನ ಆಗಿತ್ತು. ಯೋಗ್ಯಕರ್ತದಿಂದ ಸೋಲೋವರೆಗೆ ಲೋಕಲ್ ರೈಲು ಇದೆ, ಟಿಕೆಟ್ 8,000 ರುಪಿಯಾ, ನಮ್ಮ ಐವತ್ತು ರೂಪಾಯಿ ಒಳಗೆ. ಪ್ರಂಬಾನನ್‌ಗೆ ಇಳಿಯಬೇಕಾದ ನಿಲ್ದಾಣದ ಹೆಸರು ಬ್ರಂಬಾನನ್. ದೂರದ ರೈಲಿಗೆ ಅಲ್ಲಿಯ ರೈಲ್ವೆಯ ಆ್ಯಪ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿ ಬುಕ್ ಮಾಡಬಹುದು. ನಮ್ಮಲ್ಲಿ 60 ದಿನ ಮುಂಚೆ ತೆರೆಯುವಂತೆ ಅಲ್ಲಿ 45 ದಿನ.

ಕಾಕಾ ಕಂಡುಹಿಡಿದ ಜಾಗ ಅಂಬಾರಾವಾ. 1873ರ ಹಳೆಯ ನಿಲ್ದಾಣ, ಈಗ ರೈಲ್ವೆ ಮ್ಯೂಸಿಯಂ. ಹಲ್ಲುಹಳಿ ಹಿಡಿದು ಗುಡ್ಡ ಹತ್ತುವ ಉಗಿ ಎಂಜಿನ್‌ಗಳು ಅಲ್ಲಿವೆ. ವಾರಾಂತ್ಯಕ್ಕೆ ತುಂತಾಂಗ್‌ವರೆಗೆ ಪ್ರವಾಸಿ ರೈಲು ಓಡುತ್ತದೆ. ನಾನು ನಕ್ಷೆಯಲ್ಲಿ ಅಂಬಾರಾವಾ ಹುಡುಕಿದರೆ, ಅದರ ಪಕ್ಕದ ಉಂಗಾರಾನ್ ಬೆಟ್ಟದ ಮೇಲೆಯೇ ಗೆದೊಂಗ್ ಸೊಂಗೊ ಗುಡಿಗಳು! ನಾನು ಬಿಡಬೇಕು ಅಂದುಕೊಂಡಿದ್ದ ಗುಡಿಗಳು ಕಾಕಾನ ರೈಲಿನಿಂದಾಗಿ ದಾರಿಗೆ ಬಂದವು. ಮುಂಜಾನೆ ಗುಡಿ, ಮಧ್ಯಾಹ್ನ ರೈಲು. ಆ ದಿನವನ್ನು ಶನಿವಾರಕ್ಕೇ ಹೊಂದಿಸಿದ್ದೇವೆ.

ನಮ್ಮ ಮನೆಯವರದು ಬೆಟಗೇರಿಯಲ್ಲಿ ಸೀರೆ ಅಂಗಡಿ. ಅವರು ಕೇಳಿದ್ದು ಒಂದೇ, ಸೋಲೋದ ಲಾವೆಯಾನ್ ಕೇರಿಯಲ್ಲಿ ಬಾಟಿಕ್ ಹಾಕುವುದನ್ನು ಅರ್ಧ ದಿನ ನೋಡಬೇಕು ಅಂತ. ಹಾಕಿದೆ.

ದಿಯೆಂಗ್ ಮಾತ್ರ ಯಾರು ಬೇಡ ಅಂದರೂ ಬಿಡಲಿಲ್ಲ. 2,000 ಮೀಟರ್ ಎತ್ತರದ ಬಯಲು, ಜಾವಾದ ಅತಿ ಹಳೆಯ ಗುಡಿಗಳಲ್ಲಿ ಕೆಲವು ಅಲ್ಲಿವೆ. ಜನ ಅವುಗಳಿಗೆ ಅರ್ಜುನ, ಭೀಮ, ಘಟೋತ್ಕಚ ಅಂತ ಹೆಸರು ಇಟ್ಟಿದ್ದಾರೆ. ಕುಮಾರವ್ಯಾಸ ಕೂತು ಭಾರತ ಬರೆದ ಅನ್ನುವ ವೀರನಾರಾಯಣ ಗುಡಿಯ ಊರಿನವಳು ನಾನು. ಅರ್ಜುನ, ಭೀಮರ ಹೆಸರಿನ ಗುಡಿ ಇದ್ದೂ ನೋಡದೆ ಬರುವುದು ಹೇಗೆ? ಚಳಿ ಇರುತ್ತದೆ, ಸ್ವೆಟರ್ ಒಯ್ಯಬೇಕು.

ವಿಮಾನ, ವೀಸಾ

ಗದಗಿನಿಂದ ಬೆಂಗಳೂರಿಗೆ ರೈಲು. ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಇದೆ, ಆದರೆ ನಮಗೆ ಕೌಲಾಲಂಪುರ ಮೇಲಿನ ದಾರಿ ಹತ್ತಿರ. ಇಲ್ಲಿ ಒಂದು ವಿಷಯ ತಿಳಿದಿರಲಿ. ಎರಡು ಕಂಪನಿಗಳ ಟಿಕೆಟ್ ಬೇರೆ ಬೇರೆ ಕೊಂಡರೆ ಅಗ್ಗ ಕಾಣುತ್ತದೆ. ಆದರೆ ಬ್ಯಾಗು ಮುಂದಕ್ಕೆ ತಾನಾಗಿ ಹೋಗುವುದಿಲ್ಲ. ಮಲೇಷ್ಯಾದೊಳಗೆ ಇಳಿದು, ಬ್ಯಾಗು ತಗೊಂಡು, ಮತ್ತೆ ಚೆಕ್‌ಇನ್ ಮಾಡಬೇಕು. ಟರ್ಮಿನಲ್ ಬೇರೆ ಆದರೆ ನಡುವೆ ರೈಲೋ ಬಸ್ಸೋ ಹಿಡಿಯಬೇಕು. ಮೊದಲ ವಿಮಾನ ತಡವಾದರೆ ಎರಡನೆಯದಕ್ಕೆ ಯಾರೂ ಹೊಣೆ ಅಲ್ಲ. ಕಾಕಾ ಜೊತೆಗಿದ್ದಾರೆ, ಹಾಗಾಗಿ ಸ್ವಲ್ಪ ಜಾಸ್ತಿ ಕೊಟ್ಟು ಒಂದೇ ಟಿಕೆಟ್ ಮಾಡಿಸಿದೆವು.

ವೀಸಾ ಸುಲಭ. ನಮ್ಮವರಿಗೆ ಇಳಿದ ಮೇಲೆ ಸಿಗುತ್ತದೆ, ಮುಂಚೆಯೇ ಆನ್‌ಲೈನ್ ಕೂಡ ಮಾಡಬಹುದು. 5 ಲಕ್ಷ ರುಪಿಯಾ, ನಮ್ಮ ಮೂರು ಸಾವಿರದೊಳಗೆ. 30 ದಿನ ಇರಬಹುದು. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಬಾಕಿ ಇರಬೇಕು. ಕಾಕಾದು ಮುಗಿಯುತ್ತಾ ಬಂದಿತ್ತು, ಹುಬ್ಬಳ್ಳಿಯಲ್ಲೇ ಹೊಸದು ಮಾಡಿಸಿದೆವು.

ಊಟ

ನಾವು ಮೂವರೂ ಶುದ್ಧ ಶಾಕಾಹಾರಿ. ಜಾವಾದಲ್ಲಿ ಟೆಂಪೆ ಮತ್ತು ಟಾಹು ಎಲ್ಲೆಡೆ ಸಿಗುತ್ತವೆ, ಎರಡೂ ಸೋಯಾದವು. ಬೇಯಿಸಿದ ಕಾಯಿಪಲ್ಲೆಗೆ ಶೇಂಗಾ ಸಾರು ಹಾಕಿದ ಗಾಡೊ-ಗಾಡೊ ನಮ್ಮ ನಾಲಿಗೆಗೆ ಹಿಡಿಸಬಹುದು. ಆದರೆ ಸಾರಿಗೂ ಚಟ್ನಿಗೂ ಸಿಗಡಿ ಅರೆದು ಹುಳಿ ಬರಿಸಿದ ಮುದ್ದೆ ಬೆರೆಸುವುದು ಅಲ್ಲಿ ಸಾಮಾನ್ಯ, ಅದಕ್ಕೆ ತೆರಾಸಿ ಅನ್ನುತ್ತಾರೆ. "ತನ್ಪಾ ತೆರಾಸಿ, ತನ್ಪಾ ಈಕಾನ್, ತನ್ಪಾ ತೆಲೂರ್" ಅಂತ ಒಂದು ಚೀಟಿ ಬರೆದು ಮೂವರೂ ಕಿಸೆಯಲ್ಲಿ ಇಟ್ಟುಕೊಳ್ಳುತ್ತೇವೆ. ತೆರಾಸಿ ಬೇಡ, ಮೀನು ಬೇಡ, ಮೊಟ್ಟೆ ಬೇಡ ಅಂತ. ಅಕ್ಕ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿಕೊಡುತ್ತೇನೆ ಅಂದಿದ್ದಾಳೆ.

ಈಗ ಬಾಕಿ ಇರುವುದು

ಬೊರೊಬುದುರ್‌ನ ಮೇಲೆ ಹತ್ತಲು ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಬೇರೆ ಟಿಕೆಟ್, ಗೊತ್ತು ಮಾಡಿದ ಹೊತ್ತು, ಜೊತೆಗೆ ಗೈಡ್. ಕಲ್ಲು ಸವೆಯಬಾರದು ಅಂತ ನೇಯ್ದ ಚಪ್ಪಲಿ ಕೊಡುತ್ತಾರೆ. ಸೋಮವಾರ ಬಿಟ್ಟು, ಮುಂಜಾನೆಯ ಮೊದಲ ಹೊತ್ತು ಸಿಗುತ್ತದಾ ನೋಡಬೇಕು. ಪೂರ್ವದ ಮೆಟ್ಟಿಲಿನಿಂದ ಶುರು ಮಾಡಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ನಡೆದರೆ ಕಥೆ ಸರಿಯಾಗಿ ಓದಿಸಿಕೊಳ್ಳುತ್ತದೆ. ಆದರೆ ಮೇಲೆ ಕೊಡುವ ಸಮಯದಲ್ಲಿ ಎಲ್ಲ ಸುತ್ತು ಮುಗಿಯುವುದಿಲ್ಲ. ಯಾವ ಫಲಕಗಳ ಮುಂದೆ ನಿಲ್ಲಬೇಕು ಅಂತ ಈಗಲೇ ಆರಿಸುತ್ತಿದ್ದೇನೆ. ಹಡಗಿನ ಫಲಕ ಖಂಡಿತ.

ವೊನೊಸೊಬೊದಿಂದ ದಿಯೆಂಗ್‌ಗೆ ಸಣ್ಣ ಬಸ್ಸು ಇವೆ. ವಯಸ್ಸಾದವರ ಜೊತೆ ಅದರಲ್ಲಿ ಹೋಗುವುದೋ, ಯೋಗ್ಯಕರ್ತದಿಂದಲೇ ಕಾರು ಮಾಡುವುದೋ ಇನ್ನೂ ತೀರ್ಮಾನ ಆಗಿಲ್ಲ. ನಮ್ಮ ಕಡೆಯವರು ಯಾರಾದರೂ ಆ ಘಾಟಿಯಲ್ಲಿ ಹೋಗಿ ಬಂದಿದ್ದರೆ ಹೇಳಿ. ಕಾಕಾ ಬಸ್ಸೇ ಸಾಕು ಅನ್ನುತ್ತಿದ್ದಾರೆ, ನಾನು ಕಾರಿನ ಕಡೆಗಿದ್ದೇನೆ.